ಬಾನಿಯೊಳಗೆ ಓಡಿದ ಕುದುರೆ

ಬಹಳ ಹಿಂದೆ, ನವಿಲಗಿರಿ ಎಂಬ ರಾಜ್ಯದಲ್ಲಿ ಕರಾಳಕನೆಂಬ ಮಾಂತ್ರಿಕನಿದ್ದ. ಅವನು ಮಂತ್ರದಂಡ ಎತ್ತಿದರೆ ಅರಮನೆಯ ಗೋಡೆಯ ಮೇಲೆ ಬರೆದ ಕುದುರೆ ಓಡುತ್ತಿತ್ತು. ಆದರೆ ಅದು ಓಡಿದಾಗಲೆಲ್ಲ ಊರಿನ ಒಬ್ಬರ ಕಾಲು ಕಲ್ಲಾಗುತ್ತಿತ್ತು. ರಾಜನಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಚಪ್ಪಾಳೆ ಹೊಡೆಯುತ್ತಿದ್ದ. ಸಭೆಯವರೂ ಹೊಡೆಯುತ್ತಿದ್ದರು. ನಾಚಿಕೆಗೆಟ್ಟವರು!

ಒಂದು ದಿನ ಕುಂಬಾರ ಚೌಡಪ್ಪನ ಕಾಲುಗಳು ಕಲ್ಲಾದವು. ಅವನ ಹೆಂಡತಿ ಮಾಳವ್ವ ಮಡಕೆಗಳ ಮೇಲೆ ಚಿತ್ರ ಬರೆಯುವವಳು. ಅವಳು ನೇರ ಅರಮನೆಗೆ ನುಗ್ಗಿದಳು.

“ನನ್ನ ಗಂಡನ ಕಾಲು ವಾಪಸ್ ಕೊಡು!”

ಮಾಂತ್ರಿಕ ನಕ್ಕ. “ಚಿತ್ರ ತಾನಾಗಿ ಓಡುತ್ತದೆಯೇ, ಹುಚ್ಚಿ? ಓಟವನ್ನು ಯಾರಿಂದಲಾದರೂ ಕೀಳಲೇಬೇಕು.”

“ಯಾರ ಕಾಲೂ ಕೀಳದೆ ನಾನು ಓಡಿಸಿದರೆ?”

“ಮೂರು ದಿನ ಕೊಟ್ಟೆ. ಓಡಿಸಿದರೆ ಎಲ್ಲರ ಕಾಲೂ ವಾಪಸ್ಸು, ನನ್ನ ದಂಡದಾಣೆ. ಸೋತರೆ ನಿನ್ನ ಕೈಗಳೂ ನನ್ನವು.”

ಮೊದಲ ದಿನ ಮಾಳವ್ವ ಅಗಲ ಬಾಯಿಯ ಹಸಿ ಬಾನಿಯೊಂದರ ಒಳಮೈಗೆ ಕುದುರೆ ಬರೆದು, ಗಂಡ ಮಡಕೆ ಮಾಡುವ ಚಕ್ರವಾದ ತಿಗರಿಯ ಮೇಲಿಟ್ಟಳು. ಚೌಡಪ್ಪ ಕೂತಲ್ಲೇ ಕೋಲು ಹಾಕಿ ತಿರುಗಿಸಿದ. ತಿರುಗುವ ವೇಗಕ್ಕೆ ಕುದುರೆ ಕಣ್ಣಿಗೆ ಕಲಸಿಹೋಗಿ ಬರೀ ಕರಿ ಗೆರೆಯಾಗಿ ಕಂಡಿತು.

ಎರಡನೆಯ ದಿನ ಬಾನಿಯ ಮೇಲಂಚಿನ ಸುತ್ತ ಹನ್ನೆರಡು ಸಣ್ಣ ಸೀಳು ಕೊರೆದು, ಅವುಗಳ ಕೆಳಗೆ ಒಳಮೈಗೆ ಹನ್ನೆರಡು ಕುದುರೆ ಬರೆದಳು. ತಿಗರಿ ತಿರುಗಿತು. ಸೀಳಿಗೆ ಕಣ್ಣಿಟ್ಟರೆ ಆಚೆ ಬದಿಯ ಕುದುರೆ ಚೆನ್ನಾಗಿ ಕಂಡಿತು. ಆದರೆ ಓಡಲಿಲ್ಲ, ನಿಂತೇ ಇತ್ತು.

“ಲೇ, ಹನ್ನೆರಡಕ್ಕೂ ಒಂದೇ ಥರ ಕಾಲು ಬರ್ದಿದೀಯಲ್ಲೇ! ನನ್ನ ಹಾಗೇ ನಿಂತ್ಬಿಟ್ಟಿವೆ,” ಎಂದ ಚೌಡಪ್ಪ.

ಮಾಳವ್ವ ಹಣೆ ಚಚ್ಚಿಕೊಂಡಳು. ಒಂದು ಮಡಕೆಯ ಚಿತ್ರ ಇನ್ನೊಂದರ ಹಾಗೆಯೇ ಇರಬೇಕೆಂದು ಅತ್ತೆ ಬೈದು ಬೈದು ಕಲಿಸಿದ್ದಳು. ಕೈ ಅದನ್ನೇ ಮಾಡಿತ್ತು.

ಮೂರನೆಯ ದಿನ ಆ ಪಾಠ ಮರೆತು ಬರೆದಳು. ಮೊದಲ ಕುದುರೆಯ ಕಾಲು ನೆಲದ ಮೇಲೆ, ಎರಡನೆಯದರದು ಕೂದಲೆಳೆಯಷ್ಟು ಮೇಲೆ, ಮೂರನೆಯದರದು ಇನ್ನೂ ಸ್ವಲ್ಪ ಮೇಲೆ. ಹೀಗೆ ಏರಿ ಇಳಿದು ಹನ್ನೆರಡನೆಯದು ಮತ್ತೆ ನೆಲ ಮುಟ್ಟಲು ಬಂದಿತ್ತು. ಊರಿನವರು ತಿಗರಿಯನ್ನೂ ಚೌಡಪ್ಪನನ್ನೂ ಗಾಡಿಯಲ್ಲಿ ಹೇರಿ ತಂದರು. ಸಭೆಯ ನಡುವೆ ಅವನು ತಿಗರಿ ತಿರುಗಿಸಿದ. ರಾಜ ಸೀಳಿಗೆ ಕಣ್ಣಿಟ್ಟ.

ಕುದುರೆ ಓಡಿತು!

“ಯಾರ ಕಾಲು ಕದ್ದೆ?” ಎಂದು ಮಾಂತ್ರಿಕ ಅರಚಿದ.

“ಯಾರದೂ ಇಲ್ಲ. ಕುದುರೆಗಳು ಬರೆದಲ್ಲೇ ಇವೆ. ಒಂದರ ಹಿಂದೊಂದು ಬೇಗ ಬಂದ್ರೆ ನೋಡೋರ ಕಣ್ಣೇ ಅದನ್ನ ಓಡಿಸುತ್ತೆ. ಇಷ್ಟಕ್ಕೆ ಊರೋರ ಕಾಲೆಲ್ಲ ಕಿತ್ತೆಯಲ್ಲೋ ಪಾಪಿ!”

ಆಣೆ ತಪ್ಪುವಂತಿರಲಿಲ್ಲ. ದಂಡ ಸಿಡಿದು ಬೂದಿಯಾಯಿತು. ಕರಾಳಕ ಗೋಡೆಗೆ ಅಂಟಿ, ಓಡಲು ಒಂದು ಕಾಲೆತ್ತಿದ ಚಿತ್ರವಾದ. ಊರಿನವರ ಕಾಲುಗಳಿಗೆ ಜೀವ ಬಂತು.

ರಾಜ ಕೊರಳಿನ ಮುತ್ತಿನ ಹಾರ ತೆಗೆದ. “ತಗೋ ತಾಯಿ, ಬಹುಮಾನ.”

“ಹಾರ ನೀವೇ ಇಟ್ಕೊಳ್ಳಿ, ದೊರೆ. ಜೀವ ಬಂದ್ರೂ ಊರೋರ ಕಾಲೆಲ್ಲ ಇನ್ನೂ ಮರಗಟ್ಟಿವೆ. ಚಪ್ಪಾಳೆ ಹೊಡೆದ ಕೈ ಇದೆಯಲ್ಲ, ಅದರಲ್ಲಿ ಒತ್ತಿ.”

ರಾಜ ತಲೆ ತಗ್ಗಿಸಿ ನೆಲದ ಮೇಲೆ ಕೂತ. ಮೊದಲು ಚೌಡಪ್ಪನ ಕಾಲು ಒತ್ತಿದ, ಆಮೇಲೆ ಉಳಿದವರದು. ಎಲ್ಲರದೂ ಮುಗಿಯಲು ಹದಿನೈದು ದಿನ ಹಿಡಿಯಿತು. ಅಲ್ಲಿಂದಾಚೆಗೆ ನವಿಲಗಿರಿಯ ಜನ ತಮಗೆ ಬೇಕಾದಲ್ಲಿಗೆ ನಡೆದುಕೊಂಡು ಹೋಗಿ ಬಂದು ಸುಖವಾಗಿದ್ದರು.