ಕಾಲುವೆ ಗಲ್ಲಿಯ ದನಿ

ನಾನೂ ತಂಗಿಯೂ ಕಾಲುವೆಗಳ ಆ ಹಳೆಯ ಊರಿಗೆ ಹೋದದ್ದು ಒಂದೇ ದಿನದ ಮಟ್ಟಿಗೆ. ಗೈಡ್ ಹೆಂಗಸು ಮೈಕಿನಲ್ಲಿ ಮೆಲ್ಲಗೆ ಮಾತಾಡುತ್ತ ಮುಂದೆ ನಡೆಯುತ್ತಿದ್ದರು. ಕೇಳಿಸಿಕೊಳ್ಳಲು ನಮಗೆಲ್ಲ ಇಯರ್‌ಫೋನ್ ಕೊಟ್ಟಿದ್ದರು.

ಮಧ್ಯಾಹ್ನ ನೀರಿನ ಪಕ್ಕದ ಒಂದು ಗಲ್ಲಿಗೆ ಬಂದೆವು. ಉರಿಬಿಸಿಲಿನಲ್ಲೂ ಇಯರ್‌ಫೋನ್ ಕಿವಿಯೊಳಗೆ ತಣ್ಣಗಾಯಿತು. ಮಾತಿನ ನಡುವೆ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು.

"ಫೋಟೋಗೆ ಇಲ್ಲಿ ಚೆನ್ನಾಗಿದೆ, ಮೆಟ್ಟಿಲು ಇಳೀರಿ," ಎಂದಿತು ಕಿವಿಯಲ್ಲಿ ಗೈಡ್ ದನಿ.

ತಂಗಿ ಇಳಿದಳು.

"ಇನ್ನೊಂದು. ಇನ್ನೂ ಒಂದು."

ನೀರು ಅವಳ ಚಪ್ಪಲಿ ಮುಟ್ಟಿತು. ಇದೆಷ್ಟು ಇಳಿಸ್ತಾರಪ್ಪ ಎಂದು ತಲೆಯೆತ್ತಿದೆ. ಗೈಡ್ ದೂರದ ಸೇತುವೆಯ ಮೇಲೆ ಬಾಟಲಿ ಎತ್ತಿ ಗಟಗಟನೆ ನೀರು ಕುಡಿಯುತ್ತಿದ್ದರು. ಕಿವಿಯಲ್ಲಿ ಅವರ ಮಾತು ನಿಂತಿರಲಿಲ್ಲ.

ತಂಗಿಯ ರಟ್ಟೆ ಹಿಡಿದು ಮೇಲಕ್ಕೆಳೆದೆ.

"ಏನಕ್ಕಾ, ಅವರೇ ಇಳೀರಿ ಅಂತಿದ್ರಲ್ಲ," ಎಂದಳು.

ಗೈಡ್ ಓಡಿ ಬಂದರು. "ಈ ಗಲ್ಲೀಲಿ ನಾನು ಮೈಕ್ ಆಫ್ ಮಾಡಿಬಿಡ್ತೀನಿ. ಯಾರ ದನಿ ಕೇಳಿಸ್ತು ನಿಮಗೆ?"

"ನಿಮ್ಮದೇ," ಎಂದೆ.

ಅವರು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟರು.

"ಇಷ್ಟು ದಿನ ಅದು ನನಗಿಂತ ಮುಂಚೆ ಇದ್ದು, ಇಲ್ಲೇ ಮುಳುಗಿಹೋದ ಗೈಡ್ ದನೀಲಿ ಮಾತಾಡ್ತಿತ್ತು," ಎಂದರು.

ಉಳಿದ ಊರನ್ನೆಲ್ಲ ಅವರು ಮೈಕ್ ಮುಟ್ಟದೆ, ಕೂಗಿ ಕೂಗಿಯೇ ತೋರಿಸಿದರು.