ತರಿ ನಿಂತ ಮೇಲೆ

"ಅಭಿನಯಾ, ನಿನ್ನ ರಬ್ಬರ್ ಕೊಡೇ!"

ವಿನೋದಿನಿ ಪಿಸುಗುಟ್ಟಿದ್ದಳು. ಕಡೇಪಕ್ಷ ಅವಳು ಹಾಗಂದುಕೊಂಡಿದ್ದಳು. ಆದರೆ ಐದನೇ ಕ್ಲಾಸಿನ ಮಕ್ಕಳೆಲ್ಲ ತಿರುಗಿ ನೋಡಿದರು. ಪಕ್ಕದ ನಾಲ್ಕನೇ ಕ್ಲಾಸಿನಿಂದ ಒಬ್ಬ ಹುಡುಗ ಬಂದು ಬಾಗಿಲಲ್ಲಿ ಇಣುಕಿದ. ಬೋರ್ಡಿನ ಮೇಲೆ ಬರೆಯುತ್ತಿದ್ದ ಇಂದುಜಾ ಮಿಸ್ ಕೈಯಿಂದ ಚಾಕ್‌ಪೀಸ್ ಜಾರಿ ಬಿತ್ತು.

"ರಬ್ಬರ್ ಯಾರನ್ನ ಕೇಳ್ತಿದೀಯಮ್ಮ? ಅಭಿನಯಾನ್ನಾ, ಬಸ್ ಸ್ಟ್ಯಾಂಡಲ್ಲಿ ಇರೋರನ್ನಾ?" ಮಿಸ್ ಕೇಳಿದರು.

"ಅಭಿನಯಾನ್ನೇ ಮಿಸ್!"

ಈ ಸಲ ಇನ್ನೂ ಜೋರಾಗಿತ್ತು. ಕ್ಲಾಸೆಲ್ಲ ನಕ್ಕಿತು. ಮಿಸ್‌ಗೂ ನಗು ಬಂತು. ಚಾಕ್‌ಪೀಸ್ ಎತ್ತಿಕೊಂಡು, "ಇದು ಸ್ಕೂಲು. ನಿಮ್ಮ ತರಿ ಶೆಡ್ ಅಲ್ಲ. ಸ್ವಲ್ಪ ಮೆಲ್ಲಗೆ ಮಾತಾಡೋದು ಕಲಿ" ಅಂದರು.

ವಿನೋದಿನಿಗೆ ಬೇಜಾರೇನೂ ಆಗಲಿಲ್ಲ. ಅವಳ ಬೀದಿಯಲ್ಲಿ ಎಲ್ಲರೂ ಹೀಗೆಯೇ.

ತಮಿಳು ಸೀಮೆಯ ಅನ್ನೂರಿನ ಅಂಚಿನಲ್ಲಿದ್ದ ಆ ಬೀದಿಯಲ್ಲಿ ಮನೆಗೊಂದು ಶೆಡ್, ಶೆಡ್ಡಿನ ತುಂಬ ಪವರ್‌ಲೂಮ್. ಅದಕ್ಕೆ ಅವರು ತರಿ ಅನ್ನುತ್ತಿದ್ದರು. ಬೆಳಿಗ್ಗೆಯಿಂದ ಟಕಟಕ ಟಕಟಕ ಶುರುವಾದರೆ ಪಕ್ಕದಲ್ಲಿ ಪಟಾಕಿ ಹೊಡೆದರೂ ಕೇಳುತ್ತಿರಲಿಲ್ಲ. ಕುಲ್ಫಿ ಮಾರುವವನು ಬೇರೆ ಬೀದಿಗಳಲ್ಲಿ ಗಂಟೆ ಬಾರಿಸುತ್ತಿದ್ದ. ಇವರ ಬೀದಿಗೆ ಬಂದಾಗ ಗಂಟೆ ಕೆಳಗಿಟ್ಟು ಕೆಂಪು ಟವೆಲ್ ಬೀಸುತ್ತಿದ್ದ. ಹಾಲಿನವನು ಬಾಗಿಲು ತಟ್ಟುತ್ತಿರಲಿಲ್ಲ. ಹೊರಗಿನ ಸ್ವಿಚ್ ಒತ್ತಿ ಒಳಗಿನ ಲೈಟ್ ಮಿಣುಕಿಸುತ್ತಿದ್ದ. ಬೀದಿನಾಯಿಗಳಿಗೂ ಗೊತ್ತಿತ್ತು. ಬೊಗಳಿ ಉಪಯೋಗವಿಲ್ಲ ಅಂತ ಅವು ಹಸಿವಾದಾಗ ಲುಂಗಿ ಹಿಡಿದು ಎಳೆಯುತ್ತಿದ್ದವು.

ಶೆಡ್ಡಿನೊಳಗೆ ಕೈಸನ್ನೆಯೇ ಮಾತು. ಹೆಬ್ಬೆರಳು ಬಾಯಿಗೆ ತೋರಿಸಿದರೆ ಟೀ. ಎರಡು ಬೆರಳು ಕತ್ತರಿಯ ಹಾಗೆ ಮಾಡಿದರೆ ನೂಲು ಹರಿದಿದೆ. ಕಿವಿಯ ಓಲೆ ಮುಟ್ಟಿದರೆ ಅಮ್ಮ ಕರೀತಿದ್ದಾಳೆ. ಅಪ್ಪ ಮತ್ತು ವಿನೋದಿನಿ ಹೀಗೆ ಗಂಟೆಗಟ್ಟಲೆ ಹರಟುತ್ತಿದ್ದರು.

ಎಲ್ಲಕ್ಕಿಂತ ಮಜಾ ಅಂದರೆ ಕರೆಂಟ್ ಹೋಗುವುದು. ಬೀದಿಯ ತರಿಗಳೆಲ್ಲ ಒಂದೇ ಸಲಕ್ಕೆ ನಿಂತುಬಿಡುತ್ತಿದ್ದವು. ಆದರೆ ಮಾತಾಡುತ್ತಿದ್ದವರಿಗೆ ನಿಲ್ಲಿಸಲು ಒಂದು ಕ್ಷಣ ಬೇಕಲ್ಲ! ಹಾಗೆ ಒಂದು ಮಧ್ಯಾಹ್ನ ಎದುರುಮನೆಯ ಕಾಮಾಕ್ಷಿಯಮ್ಮನ ಗುಟ್ಟು ಇಡೀ ಬೀದಿಗೆ ಕೇಳಿಸಿತು:

"...ನನ್ ಸೊಸೆ ಮಾಡೋ ಸಾಂಬಾರು ಆ ಕರಿ ನಾಯಿನೂ ಮುಟ್ಟಲ್ಲ!"

ಬೀದಿಯಿಡೀ ಸದ್ದಿಲ್ಲ. ಆಮೇಲೆ ಒಂದೊಂದೇ ಶೆಡ್ಡಿನಿಂದ ನಗು ಹೊರಟಿತು. ಅಪ್ಪ ಪಳನಿಸಾಮಿ ಮಾತ್ರ, "ಏನಂತೆ? ಏನಂತೆ?" ಎಂದು ಎಲ್ಲರನ್ನೂ ಕೇಳುತ್ತಿದ್ದ. ವಿನೋದಿನಿ ಅವನ ಮುಖದ ಮುಂದೆ ನಿಂತು ಹೇಳಿದ ಮೇಲೆ ಅವನಷ್ಟು ನಕ್ಕವರು ಯಾರೂ ಇಲ್ಲ.

ಅದು ಹೋದ ವರ್ಷದ ಮಾತು. ಈಗ ನೇಯಲು ನೂಲು ಕೊಡುತ್ತಿದ್ದವರು ಕೊಡುವುದನ್ನು ನಿಲ್ಲಿಸಿದ್ದರು. ಬೀದಿಯ ಶೆಡ್‌ಗಳು ಒಂದೊಂದಾಗಿ ಮುಚ್ಚಿದವು. ಕೊನೆಗೆ ಉಳಿದದ್ದು ಕಾಮಾಕ್ಷಿಯಮ್ಮನ ಶೆಡ್ ಮತ್ತು ವಿನೋದಿನಿ ಮನೆಯದು.

ಮಿಸ್ ಮೆಲ್ಲಗೆ ಮಾತಾಡು ಅಂದ ದಿನ ಸಂಜೆ ಅವಳು ಮನೆಗೆ ಬಂದಾಗ ಬಾಗಿಲಲ್ಲಿ ಲಾರಿ ನಿಂತಿತ್ತು. ಕಾಮಾಕ್ಷಿಯಮ್ಮನ ತರಿಗಳು ಅದಾಗಲೇ ತುಂಡಾಗಿ ಲಾರಿ ಸೇರಿದ್ದವು. ಈಗ ಇವರ ಸರದಿ. ಹಳೇ ಕಬ್ಬಿಣ ಕೊಳ್ಳುವವರು ಸುತ್ತಿಗೆ ಹಿಡಿದು ಶೆಡ್ಡಿನೊಳಗೆ ಇದ್ದರು. ಒಬ್ಬ ಮೊದಲನೇ ತರಿಯ ಪಕ್ಕೆಗೆ ಬಾರಿಸಿದ.

"ಅಲ್ಲಿ ಹೊಡೀಬೇಡಪ್ಪ," ಅಪ್ಪ ಮುಂದೆ ಬಂದ. "ಈ ಬೋಲ್ಟ್ ಬಿಚ್ಚು. ಅದೇ ಬರುತ್ತೆ."

ಬೋಲ್ಟ್ ಸುಲಭವಾಗಿ ತಿರುಗಿತು. ಬೆಳಿಗ್ಗೆ ತಾನೇ ಅಪ್ಪ ಎಂದಿನ ಅಭ್ಯಾಸದಂತೆ ತರಿಗಳನ್ನೆಲ್ಲ ಒರೆಸಿ ಎಣ್ಣೆ ಹಾಕಿದ್ದ.

ಅಮ್ಮ ಸೆಲ್ವಿ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ಲಾರಿ ಹೋದ ಮೇಲೆ ಬೀದಿ ಹೇಗೋ ಆಯಿತು. ಗಡಿಯಾರದ ಟಿಕ್ ಟಿಕ್ ಕೇಳಿತು. ಫ್ಯಾನಿನ ಕಿರ್ ಕಿರ್ ಕೇಳಿತು. ತಮ್ಮ ಮನೆಯಲ್ಲಿ ಇಷ್ಟೆಲ್ಲ ಸದ್ದುಗಳಿದ್ದವು ಎಂದು ವಿನೋದಿನಿಗೆ ಗೊತ್ತೇ ಇರಲಿಲ್ಲ. ಹೋಮ್‌ವರ್ಕ್ ಮಾಡಲು ಕೂತರೆ ಪೆನ್ಸಿಲ್ ಗೀಚುವ ಸದ್ದಿಗೇ ಅವಳಿಗೆ ಲೆಕ್ಕ ತಪ್ಪಿಹೋಗುತ್ತಿತ್ತು.

"ಅಮ್ಮಾ, ನಂಗೆ ಹೇಗೇಗೋ ಆಗುತ್ತೆ!"

"ಯಾಕ್ ಕಿರುಚ್ತೀಯ?" ಅಮ್ಮ ಸಣ್ಣ ದನಿಯಲ್ಲಿ ಅಂದಳು. "ಈಗ ತರಿ ಎಲ್ಲಿದೆ? ಮೆಲ್ಲಗೆ ಮಾತಾಡು ಕಂದಾ."

ವಿನೋದಿನಿ ಮೆಲ್ಲಗೆ ಮಾತಾಡುವುದನ್ನು ಕಲಿಯತೊಡಗಿದಳು. ಕನ್ನಡಿಯ ಮುಂದೆ ನಿಂತು, "ಅಭಿನಯಾ, ರಬ್ಬರ್ ಕೊಡೇ" ಎಂದು ಮತ್ತೆ ಮತ್ತೆ ಹೇಳಿ ನೋಡಿದಳು. ಒಂದು ದಿನ ಕ್ಲಾಸಿನಲ್ಲಿ ಅವಳು ಪಾಠ ಓದಿದಾಗ ಮಿಸ್, "ಅರೆ, ಎಷ್ಟು ಚೆನ್ನಾಗಿದೆ ನಿನ್ನ ದನಿ!" ಅಂದರು.

ಅವಳು ಮನೆಗೆ ಓಡಿ ಬಂದಳು. ಅಪ್ಪ ಖಾಲಿ ಶೆಡ್ಡಿನಲ್ಲಿ ಬೆನ್ನು ತಿರುಗಿಸಿ ಕೂತಿದ್ದ.

"ಅಪ್ಪಾ, ಮಿಸ್ ನನ್ನ ಮೆಚ್ಕೊಂಡ್ರು."

ಅಪ್ಪ ತಿರುಗಲಿಲ್ಲ.

"ಅಪ್ಪಾ..."

ಇಲ್ಲ. ಅವಳು ಬ್ಯಾಗ್ ತಗೊಂಡು ಒಳಗೆ ಹೋದಳು. ಅಮ್ಮ ತಲೆ ನೇವರಿಸಿ, "ಅಪ್ಪಂಗೆ ಮನಸ್ಸು ಸರಿ ಇಲ್ಲ. ಸ್ವಲ್ಪ ದಿನ ಬಿಡು" ಅಂದಳು.

ಅಮ್ಮ ಈಗ ಬನಿಯನ್ ಕಂಪನಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಕಂಪನಿ ವ್ಯಾನ್ ಬರುವ ಹೊತ್ತಿಗೆ, "ಕುಕ್ಕರ್ ಕೂಗಿದ್ರೆ ಆಫ್ ಮಾಡಿ" ಎಂದು ಅಪ್ಪನಿಗೆ ಹೇಳಿ ತಲೆ ಬಾಚಿಕೊಳ್ಳಲು ಹೋದಳು. ಅಪ್ಪ ಒಲೆಯ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದ. ಕುಕ್ಕರ್ ಕೂಗಿತು. ಮತ್ತೆ ಕೂಗಿತು. ಕೂಗುತ್ತಲೇ ಇತ್ತು. ಅಪ್ಪ ಬೆಳ್ಳುಳ್ಳಿ ಬಿಡಿಸುತ್ತಲೇ ಇದ್ದ. ಸ್ನಾನದ ಮನೆಯಿಂದ ವಿನೋದಿನಿ ಒದ್ದೆ ತಲೆಯಲ್ಲೇ ಓಡಿ ಬಂದು ಆಫ್ ಮಾಡುವ ಹೊತ್ತಿಗೆ ಬೇಳೆ ಸೀದಿತ್ತು.

"ಪಕ್ಕದಲ್ಲೇ ಕೂತಿದೀರಲ್ಲಾ!" ಅಮ್ಮ ಬಂದು ರೇಗಿದಳು.

"ಏನೋ ಯೋಚ್ನೆ ಮಾಡ್ತಿದ್ದೆ," ಅಪ್ಪ ಅಂದ.

ವಿನೋದಿನಿ ಅಪ್ಪನ ಮುಖ ನೋಡಿದಳು. ಕುಕ್ಕರ್ ಕಡೆಗೆ ಅವನು ನೋಡಿದ್ದು ಅವಳು ಓಡಿ ಬಂದು ಆಫ್ ಮಾಡಿದ ಮೇಲೆ.

ಆ ಶನಿವಾರ ಸ್ಕೂಲಿಗೆ ರಜೆ. ಅಪ್ಪ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡಿದ್ದ. ಶರವಣಂಪಟ್ಟಿಯ ಒಂದು ದೊಡ್ಡ ಆಫೀಸಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಇಂಟರ್‌ವ್ಯೂ ಇತ್ತು.

"ನೀನೂ ಬಾ ವಿನೋ. ಬೇಕರೀಲಿ ಪಫ್ಸ್ ಕೊಡಿಸ್ತೀನಿ."

ಇಂಟರ್‌ವ್ಯೂಗೆ ಮಗಳನ್ನು ಯಾಕೆ ಕರೆದುಕೊಂಡು ಹೋಗುತ್ತಾನೆ ಅಂತ ಅವಳು ಕೇಳಲಿಲ್ಲ. ಟೌನ್ ಬಸ್ಸು, ಕಿಟಕಿ ಪಕ್ಕದ ಸೀಟು, ಪಫ್ಸು! ಅವಳು ಹೊಸ ಕ್ಲಿಪ್ ಹಾಕಿಕೊಂಡು ಹೊರಟಳು.

ಆಫೀಸು ಪೂರ್ತಿ ಗಾಜಿನದು. ಸೂಪರ್‌ವೈಸರ್ ಸರವಣಕುಮಾರ್ ಒಳ್ಳೆಯವನ ಹಾಗೆ ಕಂಡ. ವಿನೋದಿನಿಗೂ ಕುರ್ಚಿ ಹಾಕಿಸಿದ. ಆದರೆ ಅವನು ತಲೆ ತಗ್ಗಿಸಿ, ಫೋನ್ ನೋಡುತ್ತಲೇ ಮಾತಾಡುತ್ತಿದ್ದ.

"ಅಣ್ಣಾ, ನೈಟ್ ಶಿಫ್ಟ್ ಮಾಡ್ತೀರಾ?"

ಅಪ್ಪ ನಕ್ಕು ಸುಮ್ಮನಿದ್ದ. ಆಮೇಲೆ ಪಕ್ಕಕ್ಕೆ ತಿರುಗಿ ವಿನೋದಿನಿಯ ತುಟಿ ನೋಡಿದ.

"ಮಾಡ್ತಾರೆ ಸಾರ್," ಅವಳು ಹೇಳಿದಳು.

"ಪಾಪು, ನಾನು ನಿಮ್ಮಪ್ಪನ್ನ ಕೇಳಿದ್ದು."

ಸೀದ ಬೇಳೆ, ಶೆಡ್ಡಿನಲ್ಲಿ ತಿರುಗದ ಬೆನ್ನು, "ಏನಂತೆ? ಏನಂತೆ?" ಎಲ್ಲ ಅವಳಿಗೆ ಒಟ್ಟಿಗೆ ನೆನಪಾದವು. ಮನಸ್ಸು ಸರಿ ಇಲ್ಲದ್ದಲ್ಲ. ಯೋಚನೆಯೂ ಅಲ್ಲ.

ಸರವಣಕುಮಾರ್ ಅಪ್ಪನ ಕೈಗೆ ಒಂದು ವಾಕಿಟಾಕಿ ಕೊಟ್ಟು, ಇನ್ನೊಂದು ಹಿಡಿದು ಗೇಟಿಗೆ ಹೋದ. ಗಾಜಿನಾಚೆ ಅವನ ಬೆನ್ನು ಕಾಣುತ್ತಿತ್ತು. ಅಪ್ಪ ವಾಕಿಟಾಕಿಯನ್ನು ಕಿವಿಗೆ ಒತ್ತಿ ಹಿಡಿದು ನೆಟ್ಟಗೆ ನಿಂತ.

ಕರ್ ಕರ್ ಎಂದಿತು. "ಪಳನಿಸಾಮಿ ಅಣ್ಣಾ, ಬಿಳಿ ಕಾರು ಎರಡನೇ ಗೇಟಿಗೆ ಬರ್ತಾ ಇದೆ. ನಂಬರ್ ಬರ್ಕೊಳ್ಳಿ. ಒನ್, ಸೆವೆನ್, ಫೋರ್... ಕೇಳುಸ್ತಾ?"

ಮಾತು ರೂಮಿನ ಮೂಲೆಯಲ್ಲಿದ್ದ ವಿನೋದಿನಿಗೂ ಸ್ಪಷ್ಟವಾಗಿ ಕೇಳಿತು. ಅಪ್ಪ ನಗುತ್ತಲೇ ಇದ್ದ. ಅವನ ಕಣ್ಣು ಮಾತ್ರ ಅವಳನ್ನೇ ಹುಡುಕಿತು.

ಅವಳು ಎದ್ದು ನಿಂತಳು. ಕೈ ಎತ್ತಿದಳು. ಟೀ ಅನ್ನಲು ಸನ್ನೆ ಇತ್ತು. ನೂಲು ಹರಿದಿದೆ ಅನ್ನಲು ಇತ್ತು. ಅಮ್ಮ ಕರೀತಿದ್ದಾಳೆ ಅನ್ನಲು ಇತ್ತು. ಬಿಳಿ ಕಾರು ಎರಡನೇ ಗೇಟಿಗೆ ಬರುತ್ತಿದೆ ಅನ್ನಲು ಅವರ ಬೀದಿಯಲ್ಲಿ ಸನ್ನೆಯೇ ಇರಲಿಲ್ಲ.

ಅವಳ ಕೈ ಗಾಳಿಯಲ್ಲೇ ನಿಂತಿತು. ಅಪ್ಪ ಮೆಲ್ಲಗೆ ವಾಕಿಟಾಕಿಯನ್ನು ಮೇಜಿನ ಮೇಲಿಟ್ಟ.

ಒಳಗೆ ಬಂದ ಸರವಣಕುಮಾರ್ ಬೈಯಲಿಲ್ಲ. ಈ ಸಲ ಅಪ್ಪನ ಮುಖ ನೋಡುತ್ತಲೇ ಮಾತಾಡಿದ. "ಅಣ್ಣಾ, ಇಲ್ಲಿ ಗಾಡಿಗಳು ರಿವರ್ಸ್ ಬರ್ತವೆ. ಹಾರ್ನ್ ಕೇಳ್ಸಲಿಲ್ಲ ಅಂದ್ರೆ ನಿಮಗೇ ಅಪಾಯ. ಮೊದಲು ಆಸ್ಪತ್ರೇಲಿ ಕಿವಿ ತೋರ್ಸಿ."

ಅಪ್ಪ ಅದಕ್ಕೂ ನಗುತ್ತಾ ತಲೆಯಾಡಿಸಿದ.

ಬೇಕರಿಯಲ್ಲಿ ಅಪ್ಪ ಹೇಳಿದಂತೆ ಪಫ್ಸ್ ಕೊಡಿಸಿದ. ಎದುರು ಬೆಂಚಿನಲ್ಲಿ ತಾನು ಟೀ ಹಿಡಿದು ಕೂತ. ಪಫ್ಸ್ ಬಿಸಿಯಾಗಿತ್ತು. ವಿನೋದಿನಿ ಅದರ ಪದರಗಳನ್ನು ಉಗುರಿನಿಂದ ಬಿಡಿಸುತ್ತಿದ್ದಳೇ ಹೊರತು ತಿನ್ನಲಿಲ್ಲ.

"ಯಾವಾಗಿಂದ ಅಪ್ಪಾ?"

ಅಪ್ಪ ಅವಳ ತುಟಿ ನೋಡಿ, ಆಮೇಲೆ ಟೀ ನೋಡಿದ.

"ಗೊತ್ತಿಲ್ಲ ಕಂದಾ. ತರಿ ಓಡೋವಾಗ ಯಾರಿಗೂ ಏನೂ ಕೇಳ್ತಿರ್ಲಿಲ್ಲ. ನಂಗೂ ಕೇಳ್ತಿರ್ಲಿಲ್ಲ. ಎಲ್ಲಾರಿಗೂ ಹಿಂಗೇ ಅಂದ್ಕೊಂಡಿದ್ದೆ."

ಅವನು ಗುಟ್ಟು ಹೇಳುತ್ತಿದ್ದ. ಆದರೆ ಅವನ ದನಿ ಬೇಕರಿಯ ತುಂಬ ಕೇಳುತ್ತಿತ್ತು. ಬನ್ ಕಟ್ಟುತ್ತಿದ್ದವನು ಕೈ ನಿಲ್ಲಿಸಿದ. ಟೀ ಕುಡಿಯುತ್ತಿದ್ದ ಕಾಲೇಜು ಹುಡುಗರು ತಿರುಗಿ ನೋಡಿದರು. ಅಪ್ಪನಿಗೆ ಅದು ಗೊತ್ತಾಗಲಿಲ್ಲ. ವಿನೋದಿನಿ ಹೇಳಲಿಲ್ಲ.

"ತರಿ ಹೋದ ದಿನ ಕಾದು ಕೂತೆ. ಇನ್ನೇನು, ಸದ್ದು ನಿಂತ್ಮೇಲೆ ಎಲ್ಲಾ ಕೇಳುತ್ತೆ ಅಂತ. ನೀನೂ ಅಮ್ಮನೂ ಬಾಯಿ ಆಡಿಸ್ತಾ ಇದ್ರಿ. ಏನೂ ಕೇಳ್ಸಲಿಲ್ಲ. ನನ್ಮೇಲೆ ಕೋಪಕ್ಕೆ ಇಬ್ರೂ ಗುಟ್ಟಾಗಿ ಮಾತಾಡ್ಕೋತಿದೀರೇನೋ ಅಂದ್ಕೊಂಡೆ."

"ಇಲ್ಲಪ್ಪಾ!"

"ಆಮೇಲೆ ತಿಳೀತು." ಅಪ್ಪ ಟೀ ಲೋಟ ತಿರುಗಿಸಿದ. "ನೀನು ಮೆಲ್ಲಗೆ ಮಾತಾಡೋದು ಕಲ್ತಿದೀಯಂತೆ. ಮಿಸ್ ಮೆಚ್ಕೊಂಡ್ರು ಅಂತ ಅಮ್ಮ ಹೇಳಿದ್ಳು. ಹೆಂಗಿರುತ್ತೋ ಏನೋ ಅದು."

ವಿನೋದಿನಿ ಬಾಯಿ ತೆರೆದಳು. ಮೆಲ್ಲಗೆ ಅಂದರೆ ಹೇಗಿರುತ್ತದೆ ಎಂದು ಯಾವ ಮಾತಿನಿಂದ ಹೇಳುವುದು? ಅವಳು ಪಫ್ಸ್ ಅನ್ನು ಎರಡು ಭಾಗ ಮಾಡಿ, ದೊಡ್ಡದನ್ನು ಅಪ್ಪನ ಮುಂದಿಟ್ಟಳು. ಇಬ್ಬರೂ ತಿಂದರು.

ಅನ್ನೂರಿನಲ್ಲಿ ಬಸ್ಸು ಇಳಿದು ರಸ್ತೆಯ ಅಂಚಿನಲ್ಲಿ ನಡೆಯುವಾಗ ಹಿಂದಿನಿಂದ ಲಾರಿಯೊಂದು ಹಾರ್ನ್ ಮಾಡಿತು. ಅಪ್ಪ ನಡೆಯುತ್ತಲೇ ಇದ್ದ. ಅವಳು ಅವನ ಕೈ ಹಿಡಿದು ಒಳಕ್ಕೆ ಎಳೆದಳು. ಲಾರಿ ಧೂಳೆಬ್ಬಿಸಿ ಹೋಯಿತು. ಮನೆ ಬರುವವರೆಗೆ ಅವಳು ಆ ಕೈ ಬಿಡಲಿಲ್ಲ.

ಮನೆಯಲ್ಲಿ ಅಮ್ಮ ಅದಾಗಲೇ ಕಂಪನಿಯಿಂದ ಬಂದಿದ್ದಳು. ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಅಕ್ಕಿ ತೊಳೆಯುತ್ತಿದ್ದಳು.

"ಬಂದ್ರಾ? ಏನಂದ್ರು? ಸಿಕ್ತಾ?" ಮೆಲ್ಲನೆಯ ದನಿಯಲ್ಲಿ ಕೇಳಿದಳು.

ಅಪ್ಪ ಬಾಗಿ ಚಪ್ಪಲಿ ಬಿಡುತ್ತಿದ್ದ.

"ನಿಮ್ಮನ್ನೇ ಕೇಳಿದ್ದು. ಇವತ್ತೂ ಮಾತಿಲ್ವಾ?"

ವಿನೋದಿನಿ ಒಳಗೆ ಹೋಗಿ ಅಮ್ಮನ ಒದ್ದೆ ಕೈ ಹಿಡಿದಳು. "ಏಯ್, ಅಕ್ಕಿ ಕಣೇ!" ಅಂದರೂ ಬಿಡದೆ ಹೊರಗೆ ಕರೆದುಕೊಂಡು ಬಂದಳು. ಅಪ್ಪ ತಲೆ ಎತ್ತುವವರೆಗೆ ಕಾದಳು. ಬಾಗಿಲಿನ ಬೆಳಕು ಅಮ್ಮನ ಮುಖದ ಮೇಲೆ ಬೀಳುವ ಹಾಗೆ ಅವಳನ್ನು ಅಪ್ಪನ ಎದುರಿಗೆ ನಿಲ್ಲಿಸಿದಳು.

"ಈಗ ಕೇಳಮ್ಮಾ" ಅಂದಳು.