ಒಪ್ಪಿಗೆಯಾದ ತಿದ್ದುಪಡಿ

ಹನ್ನೆರಡನೇ ತಾರೀಖು ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಒಬ್ಬ ಬಸ್ ಚಾಲಕ ಸಮವಸ್ತ್ರದಲ್ಲೇ ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಮೇಡಂ ಮುಂದೆ ಎರಡು ಕಾಗದ ಇಟ್ಟ. ಒಂದು, ಮೂರನೇ ತಾರೀಖು ಅವನ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದಾಗ ಕೊಟ್ಟ ಚೀಟಿ. ಒಂದು ಔಷಧ ಆಕೆಗೆ ಒಗ್ಗುವುದಿಲ್ಲ ಎಂದು ಅದರಲ್ಲಿ ದಪ್ಪಕ್ಷರದಲ್ಲಿತ್ತು. ಇನ್ನೊಂದು, ಆಕೆ ತೀರಿಕೊಂಡ ಐದು ದಿನದ ಮೇಲೆ ಆಸ್ಪತ್ರೆಯ ಕಂಪ್ಯೂಟರಿನಿಂದ ತೆಗೆದುಕೊಟ್ಟ ಪ್ರತಿ. ಅದರಲ್ಲಿ ಆ ಸಾಲೇ ಇರಲಿಲ್ಲ.

"ನಾಲ್ಕನೇ ತಾರೀಖು ಅದೇ ಇಂಜೆಕ್ಷನ್ ಕೊಟ್ರು ಮೇಡಂ. ಅರ್ಧ ಗಂಟೇಲಿ ಹೋಗ್ಬಿಟ್ಳು. ಕೇಳಿದ್ರೆ, ನೀವು ಹೇಳೇ ಇರ್ಲಿಲ್ಲ ಅಂತಾರೆ."

"ಈ ಚೀಟಿ ನಿಮ್ಮ ಹತ್ರ ಇರೋದು ಅವರಿಗೆ ಗೊತ್ತಾ?"

"ಇಲ್ಲ. ಅವಳ ಬ್ಯಾಗಲ್ಲಿತ್ತು, ನಿನ್ನೆ ಸಿಕ್ತು. ಅದನ್ನ ತೆಗೆಯೋಕೇ ಇಷ್ಟು ದಿನ ಮನಸ್ಸಾಗ್ಲಿಲ್ಲ."

ಹನ್ನೊಂದಕ್ಕೆ ಎಫ್‌ಐಆರ್ ಆಯಿತು. ಮಧ್ಯಾಹ್ನ ಇನ್ಸ್‌ಪೆಕ್ಟರ್ ಕಾನ್ಸ್‌ಟೇಬಲ್‌ನೊಂದಿಗೆ ಆಸ್ಪತ್ರೆಯ ನೆಲಮಾಳಿಗೆಗೆ ಇಳಿದರು. ಕಂಪ್ಯೂಟರ್ ವಿಭಾಗಕ್ಕೆ ಒಂದೂ ಕಿಟಕಿಯಿರಲಿಲ್ಲ. ಒಳಗೆ ಹೋಗುವುದಕ್ಕೂ ಹೊರಗೆ ಬರುವುದಕ್ಕೂ ಬಾಗಿಲಿಗೆ ಕಾರ್ಡು ತೋರಿಸಬೇಕು. ಒಂದು ಫೋನ್ ಮಾಡಲು ಹೊರಗೆ ಹೋಗಬೇಕೆಂದರೂ ಇನ್ಸ್‌ಪೆಕ್ಟರ್ ಯಾರನ್ನಾದರೂ ಕರೆಯಬೇಕಿತ್ತು. 

ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಕರೆಯುತ್ತಿದ್ದುದು ಮೇಷ್ಟ್ರು ಎಂದೇ. ಇಪ್ಪತ್ತೆರಡು ವರ್ಷದ ಸೇವೆ. ಅಲ್ಲಿದ್ದ ಅರ್ಧ ಜನ ಅವರ ಕೈಕೆಳಗೆ ಕಲಿತವರು. ಯಾವ ರೋಗಿಯ ದಾಖಲೆಯನ್ನು ಯಾರು, ಯಾವಾಗ ತೆರೆದರು, ಏನು ಬದಲಿಸಿದರು ಎಂದು ಬರೆದಿಡಲೆಂದೇ ಅಲ್ಲೊಂದು ಪ್ರೋಗ್ರಾಂ ಇತ್ತು. ಪ್ರತಿದಿನದ ದಾಖಲೆಗಳ ನಕಲು ಬೇರೆ ಕಟ್ಟಡದಲ್ಲಿ, ಬೇರೆಯವರ ಸುಪರ್ದಿಯಲ್ಲಿರುತ್ತಿತ್ತು. ಕಾನ್ಸ್‌ಟೇಬಲ್ ಅವನ್ನು ತರಿಸಿ ನೋಡಿದ. ಆರನೇ ತಾರೀಖಿನ ನಕಲಿನಲ್ಲಿ ಸಾಲು ಇತ್ತು. ಏಳರದ್ದರಲ್ಲಿ ಇರಲಿಲ್ಲ. ಆದರೆ ಆ ನಡುವೆ ದಾಖಲೆಯನ್ನು ಯಾರಾದರೂ ಮುಟ್ಟಿದ್ದಕ್ಕೆ ಪ್ರೋಗ್ರಾಮಿನಲ್ಲಿ ಒಂದಕ್ಷರದ ಗುರುತೂ ಇಲ್ಲ.

"ಸಾಲು ತಾನಾಗೇ ಅಳಿಸಿಹೋಯ್ತಾ?" ಇನ್ಸ್‌ಪೆಕ್ಟರ್ ಕೇಳಿದರು.

"ಆರನೇ ತಾರೀಖು ಆ ಪ್ರೋಗ್ರಾಮಿಗೆ ಒಂದು ಪ್ಯಾಚ್ ಹಾಕಿದ್ವಿ. ಸಣ್ಣ ತಿದ್ದುಪಡಿ," ಎಂದರು ಮೇಷ್ಟ್ರು, ಮುಖ ಎತ್ತದೆ. "ಬರೆದದ್ದು ಆ ಹುಡುಗಿ."

ಹುಡುಗಿ ಸೇರಿ ನಾಲ್ಕು ತಿಂಗಳಾಗಿತ್ತು. ಮರುದಿನ ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ಆಸ್ಪತ್ರೆಯವರು ಅವಳ ಕಾರ್ಡು ಕಿತ್ತುಕೊಂಡಿದ್ದರು. ನೀರು ಕುಡಿಯಲು ಹೊರಗೆ ಹೋಗಬೇಕಾದರೂ ಕಾವಲುಗಾರ ಜೊತೆಗಿರುತ್ತಿದ್ದ. ಅಷ್ಟರಲ್ಲಿ ಇನ್ಸ್‌ಪೆಕ್ಟರಿಗೆ ತಮ್ಮ ಮೇಲಧಿಕಾರಿಯ ಫೋನೂ ಬಂತು. "ಪ್ಯಾಚ್ ಅವಳ ಹೆಸರಲ್ಲೇ ಇದೆಯಲ್ರೀ, ಇನ್ನೇನು ಬೇಕು?"

"ಪ್ಯಾಚ್ ಯಾತಕ್ಕಮ್ಮಾ?" ಇನ್ಸ್‌ಪೆಕ್ಟರ್ ಹುಡುಗಿಯನ್ನು ಕೇಳಿದರು.

"ನಕಲು ತೆಗೆಯೋ ಬ್ಯಾಕಪ್ ಖಾತೆ ದಿನಕ್ಕೆ ಸಾವಿರಾರು ದಾಖಲೆ ತೆರೆಯುತ್ತೆ ಮೇಡಂ. ಅದನ್ನೆಲ್ಲ ಬರೆದೂ ಬರೆದೂ ಜಾಗ ತುಂಬಿಹೋಗ್ತಿತ್ತು. ಆ ಒಂದು ಖಾತೆ ಮಾತ್ರ ಬಿಟ್ಟುಬಿಡೋ ಹಾಗೆ ಬರೆದೆ."

"ಬರೆದ ಮೇಲೆ ಬದಲಾಯಿಸಿದ್ಯಾ?"

"ಒಂದ್ಸಲ."

"ಯಾರು ಹೇಳಿದ್ದು?"

ಹುಡುಗಿ ಗಾಜಿನಾಚೆಯ ಮೇಷ್ಟ್ರ ಕೋಣೆಯತ್ತ ನೋಡಿ ಕಣ್ಣು ತಗ್ಗಿಸಿದಳು. ಬಾಯಿಬಿಟ್ಟರೆ ಕೈಹಿಡಿದು ಕಲಿಸಿದವರ ಕಡೆ ಬೊಟ್ಟು ಮಾಡಬೇಕು. ಬಿಡದಿದ್ದರೆ ತನ್ನ ಕೈಗೇ ಕೋಳ. ಇನ್ಸ್‌ಪೆಕ್ಟರ್ ಅವಸರ ಮಾಡಲಿಲ್ಲ. ಕೊನೆಗೆ ಅವಳು ಒಂದು ಮೇಲ್ ತೆರೆದು ಪರದೆಯನ್ನು ಅವರ ಕಡೆ ತಿರುಗಿಸಿದಳು.

"ಸರ್ ಹೇಳಿದ ಮೇಲೆ ತಪ್ಪಿರಲ್ಲ ಅಂದ್ಕೊಂಡೆ," ಎಂದಳು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ಮೇಷ್ಟ್ರ ಮುಂದೆ ಪ್ಯಾಚಿನ ಎರಡು ಪ್ರತಿ ಹರಡಿದರು.

"ನಮ್ಮ ಕಾನ್ಸ್‌ಟೇಬಲ್‌ಗೆ ಈ ಪ್ರೋಗ್ರಾಂ ಬರೆದಿರೋ ಸಿ ಭಾಷೆ ಅಷ್ಟೋ ಇಷ್ಟೋ ಬರುತ್ತೆ. ನಿಮ್ಮಷ್ಟಲ್ಲ. ನೀವೇ ಪರಿಶೀಲಿಸಿ ಹೇಳಿ."

ಮೇಷ್ಟ್ರು ಕನ್ನಡಕ ಹಾಕಿಕೊಂಡು ಸಾಲಿನ ಮೇಲೆ ಬೆರಳಾಡಿಸಿದರು. "ಇದು ಮೊದಲನೇದು. ಖಾತೆಯ ಪೂರ್ತಿ ಹೆಸರು ಹೋಲಿಸಿ ನೋಡುತ್ತೆ. ಸರಿಯಾಗಿದೆ."

"ಎರಡನೇದು?"

ಬೆರಳು ನಿಂತಿತು. "ಮೊದಲ ಮೂರು ಅಕ್ಷರ ಮಾತ್ರ ಹೋಲಿಸುತ್ತೆ."

"ಅಂದ್ರೆ?"

"ಅದೇ ಮೂರು ಅಕ್ಷರದಿಂದ ಶುರುವಾಗೋ ಖಾತೆ ಯಾವುದಾದ್ರೂ ಇದ್ರೆ, ಅದರಿಂದ ಏನು ಮಾಡಿದ್ರೂ ಬರೆದಿಡಲ್ಲ."

"ಸರಿನಾ, ತಪ್ಪಾ?"

ಸರಿ ಎಂದುಬಿಡಬಹುದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಬೇರೆಯವರ ಪ್ರೋಗ್ರಾಂ ಓದಿ ಸುಳ್ಳು ಹೇಳಿದ ಅಭ್ಯಾಸ ಅವರಿಗಿರಲಿಲ್ಲ.

"ತಪ್ಪು," ಎಂದರು.

"ಮೂರು ಅಕ್ಷರ ಸಾಕು, ತಿದ್ದಿ ಕಳಿಸು ಅಂತ ಐದನೇ ತಾರೀಖು ಈ ಮೇಲ್ ಬರೆದೋರು ಯಾರು?"

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇನ್ಸ್‌ಪೆಕ್ಟರ್ ವಾರ್ಡಿನ ಡ್ಯೂಟಿ ಪಟ್ಟಿ ತೆಗೆದಿಟ್ಟರು. ಅದರ ಪಕ್ಕದಲ್ಲಿ ನಾಲ್ಕರಂದು ಡ್ಯೂಟಿಯಲ್ಲಿದ್ದ ನರ್ಸ್ ಕೆಲಸಕ್ಕೆ ಸೇರುವಾಗ ತುಂಬಿದ ಅರ್ಜಿ. ತಂದೆಯ ಹೆಸರಿನ ಜಾಗದಲ್ಲಿ ಮೇಷ್ಟ್ರ ಹೆಸರಿತ್ತು.

"ಇಂಜೆಕ್ಷನ್ ಕೊಟ್ಟೋರು ನಿಮಗೇನಾಗ್ಬೇಕು?"

"ಮಗಳು."

ಮೇಷ್ಟ್ರು ಎದ್ದು ಬಾಗಿಲ ತನಕ ಹೋಗಿ, ಕೊರಳಲ್ಲಿದ್ದ ಕಾರ್ಡು ಕೈಗೆ ತೆಗೆದುಕೊಂಡರು.

"ಎಲ್ಲಿಗೆ ಸರ್?" ಕಾನ್ಸ್‌ಟೇಬಲ್ ಕೇಳಿದ.

"ಎಲ್ಲಿಗೂ ಇಲ್ಲಪ್ಪ," ಎಂದು ಕಾರ್ಡು ಕಳಚಿ ಅವನ ಕೈಗಿತ್ತರು.

ಹನ್ನೆರಡು ನಲವತ್ತಕ್ಕೆ ಪಂಚನಾಮೆ ಮುಗಿದು ಅವರ ಕಂಪ್ಯೂಟರ್ ಜಪ್ತಿಯಾಯಿತು. ಆರರಂದು ಅದೇ ಮೂರು ಅಕ್ಷರದಿಂದ ಶುರುವಾಗುವ ಹೊಸ ಖಾತೆ ತೆರೆದದ್ದು, ಏಳರಂದು ಅದರಿಂದ ಸಾಲು ಅಳಿಸಿದ್ದು, ಎಲ್ಲವನ್ನೂ ಅವರೇ ಹೇಳಿ ಬರೆಸಿದರು. ಒಂದು ಮೂವತ್ತಕ್ಕೆ ಬಂಧನ. ಹುಡುಗಿಗೆ ಮನೆಗೆ ಹೋಗಲು ಹೇಳಿದಾಗ ಅವಳು ನಿಂತಲ್ಲೇ ಅತ್ತಳು.

ಸಂಜೆ ಐದೂವರೆಗೆ ಮೇಷ್ಟ್ರ ಮಗಳು ಒಬ್ಬಳೇ ಠಾಣೆಗೆ ಬಂದಳು. ನಾಲ್ಕರಂದು ಅವಳ ಬದಲಿಗೆ ಬರಬೇಕಾದವರು ಬರದೆ, ಹದಿನಾರು ಗಂಟೆ ಒಂದೇ ಸಮನೆ ಕೆಲಸ ಮಾಡಿದ್ದಳು. ಕಂಪ್ಯೂಟರಿನ ದಾಖಲೆ ನೋಡದೆ ಇಂಜೆಕ್ಷನ್ ಕೊಟ್ಟಿದ್ದಳು. ಮನೆಗೆ ಬಂದು ಅಪ್ಪನಿಗೆ ಹೇಳಿದ ಮೇಲೆ ಅವರು ರಜೆ ಅರ್ಜಿ ಬರೆಸಿ, ಫೋನ್ ತೆಗೆದಿಟ್ಟುಕೊಂಡು, ತಾವು ಹೊರಗೆ ಹೋಗುವಾಗೆಲ್ಲ ಬಾಗಿಲಿಗೆ ಬೀಗ ಹಾಕುತ್ತಿದ್ದರು. ತಾಯಿಯಿಲ್ಲದ ಒಬ್ಬಳೇ ಮಗಳು. ಅವಳು ಜೈಲು ಸೇರುವುದೊಂದನ್ನು ಬಿಟ್ಟು ಬೇರೇನೂ ಅವರ ಕಣ್ಣಿಗೆ ಕಾಣುತ್ತಿರಲಿಲ್ಲ. ಇವತ್ತು ಬೀಗ ತೆಗೆದದ್ದು ಮನೆ ಶೋಧಿಸಲು ಹೋದ ಪೊಲೀಸರು.

"ಅಪ್ಪನ್ನ ನೋಡ್ತೀಯೇನಮ್ಮಾ?" ಇನ್ಸ್‌ಪೆಕ್ಟರ್ ಕೇಳಿದರು.

"ಮೊದಲು ನನ್ನ ಹೇಳಿಕೆ ಬರ್ಕೊಳ್ಳಿ ಮೇಡಂ," ಎಂದಳು. "ಆಮೇಲೆ ನೋಡ್ತೀನಿ. ಈಗ ನೋಡಿದ್ರೆ, ನೀನು ಸುಮ್ನಿರು ಅಂತಾರೆ. ಅವರು ಹಾಗಂದ್ರೆ ನನಗೆ ಮಾತೇ ಬರಲ್ಲ."